ಬಾಂಡಾ ದ್ವೀಪಗಳ ಮೇಲೆ ಡಚ್ಚರ ಆಕ್ರಮಣ

ಬಾಂಡಾ ದ್ವೀಪಗಳ ಮೇಲೆ ಡಚ್ಚರ ಆಕ್ರಮಣವು 1609ರಿಂದ 1621ರವರೆಗೆ ಡಚ್ ಈಸ್ಟ್ ಇಂಡಿಯಾ ಕಂಪನಿಯು ಜಾಯಿಕಾಯಿ ವ್ಯಾಪಾರದ ಏಕಸ್ವಾಮ್ಯಕ್ಕಾಗಿ ನಡೆಸಿದ ಸೈನಿಕ ಕಾರ್ಯಾಚರಣೆಗಳ ಸರಣಿಯಾಗಿದೆ. ಇದರ ಪರಿಣಾಮವಾಗಿ ದ್ವೀಪಗಳ ಮೂಲನಿವಾಸಿಗಳಲ್ಲಿ ಬಹುಪಾಲು ಜನರು ಹತರಾದರು, ಗುಲಾಮರಾದರು ಅಥವಾ ವಲಸೆ ಹೋದರು.

ಹಿನ್ನೆಲೆ

ಬಾಂಡಾ ಇಂದಿನ ಇಂಡೋನೇಷ್ಯಾದ ಮಲುಕು ಪ್ರಾಂತ್ಯದಲ್ಲಿರುವ ಸಣ್ಣ ಜ್ವಾಲಾಮುಖಿ ದ್ವೀಪಗಳ ಸಮೂಹ. ಲೊಂತೊರ್, ನೈರಾ, ಆಯ್ ಮತ್ತು ರನ್ ಇವುಗಳಲ್ಲಿ ಪ್ರಮುಖವಾದವು. ಆ ಕಾಲದಲ್ಲಿ ಜಾಗತಿಕ ವ್ಯಾಪಾರಕ್ಕೆ ಬರುತ್ತಿದ್ದ ಜಾಯಿಕಾಯಿ ಮತ್ತು ಜಾಪತ್ರೆಗಳಿಗೆ ಈ ದ್ವೀಪಗಳೇ ಮೂಲವಾಗಿದ್ದವು. ಇವೆರಡೂ ಒಂದೇ ಮರದ ಹಣ್ಣಿನಿಂದ ದೊರೆಯುತ್ತವೆ. ಬೀಜವು ಜಾಯಿಕಾಯಿ, ಅದನ್ನು ಸುತ್ತಿರುವ ಕೆಂಪು ಪದರವು ಜಾಪತ್ರೆ.

ಇಲ್ಲಿ ರಾಜನಿರಲಿಲ್ಲ. 'ಒರಾಂಗ್ ಕಾಯಾ' ಎಂದು ಕರೆಯಲಾಗುತ್ತಿದ್ದ ಶ್ರೀಮಂತ ಮುಖಂಡರು ಆಡಳಿತ ನಡೆಸುತ್ತಿದ್ದರು. ದ್ವೀಪವಾಸಿಗಳು ಜಾವಾ, ಮಲಯ ಮೊದಲಾದ ಕಡೆಯ ವರ್ತಕರಿಗೆ ಜಾಯಿಕಾಯಿ ಕೊಟ್ಟು ಅಕ್ಕಿ ಮತ್ತು ಭಾರತದ ಬಟ್ಟೆಗಳನ್ನು ಪಡೆಯುತ್ತಿದ್ದರು. 1511ರಲ್ಲಿ ಮಲಾಕ್ಕಾವನ್ನು ಗೆದ್ದ ಪೋರ್ಚುಗೀಸರು ಮರುವರ್ಷ ಬಾಂಡಾ ತಲುಪಿದರೂ ಅಲ್ಲಿ ಶಾಶ್ವತ ನೆಲೆ ಸ್ಥಾಪಿಸಲಿಲ್ಲ.

ಸಂಘರ್ಷ

1599ರಲ್ಲಿ ಡಚ್ ಹಡಗುಗಳು ಮೊದಲ ಬಾರಿಗೆ ಬಂದವು. 1602ರಲ್ಲಿ ಕೆಲವು ಮುಖಂಡರು ಡಚ್ಚರಿಗೆ ಮಾತ್ರ ಜಾಯಿಕಾಯಿ ಮಾರುವ ಒಪ್ಪಂದಕ್ಕೆ ಸಹಿ ಹಾಕಿದರು. ಎಲ್ಲ ಮುಖಂಡರೂ ಇದನ್ನು ಒಪ್ಪಿರಲಿಲ್ಲ. ಆಹಾರಧಾನ್ಯಕ್ಕೆ ಹೊರಗಿನವರನ್ನೇ ಅವಲಂಬಿಸಿದ್ದ ದ್ವೀಪವಾಸಿಗಳು ಹಳೆಯ ವರ್ತಕರೊಡನೆ ಹಾಗೂ ಇಂಗ್ಲಿಷರೊಡನೆ ವ್ಯಾಪಾರ ಮುಂದುವರಿಸಿದರು. ಕಂಪನಿಯು ಇದನ್ನು ಒಪ್ಪಂದದ ಉಲ್ಲಂಘನೆಯೆಂದು ಪರಿಗಣಿಸಿತು.

1609ರಲ್ಲಿ ಡಚ್ಚರು ನೈರಾದಲ್ಲಿ ಕೋಟೆ ಕಟ್ಟಲಾರಂಭಿಸಿದಾಗ, ಮಾತುಕತೆಗೆಂದು ಬಂದ ನೌಕಾಧಿಪತಿ ಪೀಟರ್ ವೆರ್ಹೂಫ್ ಮತ್ತು ಅವನ ಸಂಗಡಿಗರನ್ನು ದ್ವೀಪವಾಸಿಗಳು ಕೊಂದರು. ಆ ದಂಡಯಾತ್ರೆಯಲ್ಲಿದ್ದ ಯಾನ್ ಪೀಟರ್ಸ್‌ಜೋನ್ ಕೂನ್ ಮುಂದೆ ಕಂಪನಿಯ ಗವರ್ನರ್ ಜನರಲ್ ಆದನು. 1616ರಲ್ಲಿ ಆಯ್ ದ್ವೀಪವು ಡಚ್ಚರ ವಶವಾಯಿತು. ಅದೇ ವರ್ಷ ರನ್ ದ್ವೀಪದವರು ಇಂಗ್ಲಿಷರ ರಕ್ಷಣೆ ಕೋರಿದರು.

1621ರ ಆಕ್ರಮಣ

1621ರಲ್ಲಿ ಕೂನ್ 1,600ಕ್ಕೂ ಹೆಚ್ಚು ಡಚ್ ಸೈನಿಕರು ಹಾಗೂ ಜಪಾನಿನ ಕೂಲಿ ಸೈನಿಕರೊಂದಿಗೆ ಲೊಂತೊರ್ ದ್ವೀಪವನ್ನು ವಶಪಡಿಸಿಕೊಂಡನು. ಮೇ 8ರಂದು 44 ಮುಖಂಡರಿಗೆ ಮರಣದಂಡನೆ ವಿಧಿಸಲಾಯಿತು. ಬೆಟ್ಟಗಳಿಗೆ ಓಡಿಹೋದ ಅನೇಕರು ಹಸಿವು ಮತ್ತು ರೋಗಗಳಿಂದ ಸತ್ತರು. ನೂರಾರು ಜನರನ್ನು ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಕ್ಕೆ ಸಾಗಿಸಲಾಯಿತು. ಸುಮಾರು 15,000ವೆಂದು ಅಂದಾಜಿಸಲಾದ ಜನಸಂಖ್ಯೆಯಲ್ಲಿ ಸಾವಿರದಷ್ಟು ಜನರು ಮಾತ್ರ ದ್ವೀಪಗಳಲ್ಲಿ ಉಳಿದರೆಂದು ಹೇಳಲಾಗುತ್ತದೆ.

ಪರಿಣಾಮಗಳು

ಕಂಪನಿಯು ಭೂಮಿಯನ್ನು 'ಪೆರ್ಕ್' ಎಂಬ 68 ತೋಟಗಳಾಗಿ ವಿಂಗಡಿಸಿ ಐರೋಪ್ಯ ವಲಸಿಗರಿಗೆ ವಹಿಸಿತು. ತೋಟಗಳಲ್ಲಿ ದುಡಿಯಲು ಏಷ್ಯಾದ ವಿವಿಧ ಭಾಗಗಳಿಂದ ಗುಲಾಮರನ್ನು ತರಲಾಯಿತು. ಅವರಲ್ಲಿ ಭಾರತದ ಕರಾವಳಿಯವರೂ ಇದ್ದರು. ನಿಗದಿತ ಬೆಲೆಗೆ ಬೆಳೆಯೆಲ್ಲವೂ ಕಂಪನಿಗೇ ಸೇರಬೇಕಿತ್ತು.

1667ರ ಬ್ರೆಡಾ ಒಪ್ಪಂದದಲ್ಲಿ ಇಂಗ್ಲೆಂಡ್ ರನ್ ದ್ವೀಪದ ಹಕ್ಕನ್ನು ಬಿಟ್ಟುಕೊಟ್ಟಿತು. ಉತ್ತರ ಅಮೆರಿಕದ ಮ್ಯಾನ್‌ಹಾಟನ್ ಇಂಗ್ಲಿಷರಲ್ಲಿಯೇ ಉಳಿಯಿತು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಬಾಂಡಾವನ್ನು ಹಿಡಿದ ಬ್ರಿಟಿಷರು ಜಾಯಿಕಾಯಿ ಸಸಿಗಳನ್ನು ತಮ್ಮ ವಸಾಹತುಗಳಿಗೆ ಒಯ್ದರು. ಇದರಿಂದ ದ್ವೀಪಗಳ ಏಕಸ್ವಾಮ್ಯ ಕ್ರಮೇಣ ಕೊನೆಗೊಂಡಿತು.

ತಪ್ಪಿಸಿಕೊಂಡ ಕೆಲವರು ಕೈ ದ್ವೀಪಗಳಲ್ಲಿ ನೆಲೆಸಿದರು. ಅಲ್ಲಿನ ಬಾಂಡಾ ಎಲಿ ಮತ್ತು ಬಾಂಡಾ ಎಲಾತ್ ಗ್ರಾಮಗಳಲ್ಲಿ ಅವರ ವಂಶಸ್ಥರು ಬಾಂಡಾ ಭಾಷೆಯನ್ನು ಉಳಿಸಿಕೊಂಡಿದ್ದಾರೆ. ಮೂಲ ದ್ವೀಪಗಳಲ್ಲಿ ಆ ಭಾಷೆ ಇಂದು ಬಳಕೆಯಲ್ಲಿಲ್ಲ.