ಬರ್ತಾ ಬೆಂಜ್ ರಸ್ತೆಯಲ್ಲಿ ಬರೆದ ಕೈಪಿಡಿ

ಕಾರು ಕೊಂಡವರಿಗೆಲ್ಲ ಅದರ ಜೊತೆಗೊಂದು ಪುಸ್ತಕ ಸಿಗುತ್ತದೆ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ, ಇನ್ಶೂರೆನ್ಸ್ ಕಾಗದ ಮತ್ತು ಹಳೆಯ ಪಾರ್ಕಿಂಗ್ ಚೀಟಿಗಳ ಅಡಿಯಲ್ಲಿ ಅದು ಬಿದ್ದಿರುತ್ತದೆ. ಕೂಲೆಂಟ್ ಮಟ್ಟ ನೋಡಿ, ಬ್ರೇಕ್ ಪ್ಯಾಡ್ ಸವೆದಿದೆಯೇ ಪರೀಕ್ಷಿಸಿ, ಇಳಿಜಾರಿನಲ್ಲಿ ಕೆಳಗಿನ ಗೇರು ಬಳಸಿ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಹೆಚ್ಚಿನವರು ತೆರೆದೂ ನೋಡದ ಈ ಪುಸ್ತಕವನ್ನು ನಾನು ಇತಿಹಾಸದ ಪುಸ್ತಕದಂತೆ ಓದುತ್ತೇನೆ. ಏಕೆಂದರೆ ಅದರ ಹಲವು ಸಾಲುಗಳ ಮೂಲ 1888ರ ಆಗಸ್ಟ್ ತಿಂಗಳ ಒಂದು ಪ್ರಯಾಣದಲ್ಲಿದೆ.

ಜರ್ಮನಿಯ ಮಾನ್‌ಹೈಮ್ ನಗರದ ಕಾರ್ಲ್ ಬೆಂಜ್ ತಮ್ಮ ಮೂರು ಚಕ್ರದ ಮೋಟಾರು ಗಾಡಿಗೆ 1886ರ ಜನವರಿ 29ರಂದು ಪೇಟೆಂಟ್ ಅರ್ಜಿ ಹಾಕಿದ್ದರು. ಎರಡು ವರ್ಷ ಕಳೆದರೂ ಕೊಳ್ಳುವವರು ಮುಂದೆ ಬರಲಿಲ್ಲ. ಊರಿನ ಸುತ್ತ ಒಂದಿಷ್ಟು ದೂರ ಓಡಿ ಮನೆಗೆ ಮರಳುವ ಯಂತ್ರವನ್ನು ನಂಬಿ ಯಾರು ತಾನೇ ದುಡ್ಡು ಕೊಟ್ಟಾರು? ಆಗ ಅವರ ಹೆಂಡತಿ, 39 ವರ್ಷದ ಬರ್ತಾ, ಒಂದು ಮುಂಜಾನೆ ಗಂಡನಿಗೆ ತಿಳಿಸದೆ ಗಾಡಿ ಹೊರತೆಗೆದರು. ಜೊತೆಗೆ ಮಕ್ಕಳಾದ ಯೂಜೆನ್ ಮತ್ತು ರಿಚರ್ಡ್. ದೊಡ್ಡವನಿಗೆ 15, ಚಿಕ್ಕವನಿಗೆ 13. ಹೊರಟದ್ದು ಸುಮಾರು ನೂರು ಕಿಲೋಮೀಟರ್ ದೂರದ ಫೋರ್ಟ್ಸ್‌ಹೈಮ್‌ಗೆ, ಬರ್ತಾ ಅವರ ತವರಿಗೆ.

ಈ ಕಥೆಯನ್ನು ಸಾಮಾನ್ಯವಾಗಿ ಧೈರ್ಯಸ್ಥೆ ಹೆಂಡತಿಯ ಸಾಹಸವೆಂದು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ದಾರಿಯಲ್ಲಿ ಗಾಡಿ ಎಲ್ಲೆಲ್ಲಿ ನಿಂತಿತು, ಏಕೆ ನಿಂತಿತು, ಯಾರು ಸರಿಮಾಡಿದರು ಎಂದು ಒಂದೊಂದಾಗಿ ಬರೆದುಕೊಂಡರೆ ಬೇರೆಯೇ ಚಿತ್ರ ಸಿಗುತ್ತದೆ. ನನಗದು ಲೋಕದ ಮೊದಲ ಸರ್ವಿಸ್ ದಾಖಲೆಯಂತೆ ಕಾಣುತ್ತದೆ.

ಮೊದಲು ಇಂಧನ. ಆ ಗಾಡಿ ಒಮ್ಮೆಗೆ ಹಿಡಿಸಿಕೊಳ್ಳುತ್ತಿದ್ದದ್ದು ಸುಮಾರು ನಾಲ್ಕೂವರೆ ಲೀಟರ್. ಪೆಟ್ರೋಲ್ ಬಂಕ್ ಎಂಬ ಕಲ್ಪನೆಯೇ ಇನ್ನೂ ಇರಲಿಲ್ಲ. ವೀಸ್‌ಲೋಖ್ ಊರಿನ ಔಷಧದಂಗಡಿಯಲ್ಲಿ ಬರ್ತಾ ಲಿಗ್ರೋಯಿನ್ ಎಂಬ ದ್ರಾವಕ ಕೊಂಡರು. ಅದೇ ಅಂಗಡಿಯನ್ನು ಇಂದು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎನ್ನುತ್ತಾರೆ. ಮುಂದೆ ಇಂಧನದ ಕೊಳವೆ ಕಟ್ಟಿಕೊಂಡಿತು. ಟೊಪ್ಪಿಗೆಯ ಪಿನ್ನಿನಿಂದ ಅದನ್ನು ಬಿಡಿಸಿದರು. ನಮ್ಮ ಕಾರುಗಳಲ್ಲಿ ಆ ಪಿನ್ನಿನ ಕೆಲಸವನ್ನು ಫ್ಯೂಯೆಲ್ ಫಿಲ್ಟರ್ ಮಾಡುತ್ತದೆ, ಕಸ ಕೊಳವೆಗೆ ಸೇರುವ ಮುನ್ನವೇ.

ಕಿಡಿ ಹಾರಿಸುವ ತಂತಿಯ ಹೊದಿಕೆ ಕಿತ್ತುಹೋದಾಗ ಕಾಲುಚೀಲ ಬಿಗಿಯುವ ಪಟ್ಟಿಯನ್ನೇ ಅದಕ್ಕೆ ಸುತ್ತಿದರು. ನಮ್ಮಲ್ಲಿ ಆ ಹೊದಿಕೆಯನ್ನು ಕೀಳುವುದು ಇಲಿಗಳು. ವಾರಗಟ್ಟಲೆ ನಿಲ್ಲಿಸಿದ ಕಾರನ್ನು ಚಾಲೂ ಮಾಡುವ ಮುನ್ನ ಬಾನೆಟ್ ಎತ್ತಿ ತಂತಿಗಳ ಮೇಲೆ ಕಣ್ಣಾಡಿಸುವುದು ಒಳ್ಳೆಯದು.

ಎಂಜಿನ್ ತಣ್ಣಗಾಗಿಸುವ ನೀರು ಆ ಗಾಡಿಯಲ್ಲಿ ಆವಿಯಾಗಿಯೇ ಹೋಗುತ್ತಿತ್ತು. ಹಾಗಾಗಿ ದಾರಿಯುದ್ದಕ್ಕೂ ಬಾವಿ, ತೊರೆ ಕಂಡಲ್ಲೆಲ್ಲ ನಿಲ್ಲಿಸಿ ನೀರು ತುಂಬಿಸಬೇಕಾಯಿತು. ಇಂದಿನ ಕೂಲೆಂಟ್ ಮುಚ್ಚಿದ ಕೊಳವೆಗಳಲ್ಲೇ ಸುತ್ತುತ್ತದೆ, ಸುಲಭಕ್ಕೆ ಕಡಿಮೆಯಾಗದು. ಆದ್ದರಿಂದಲೇ ಮಟ್ಟ ಪದೇಪದೇ ಇಳಿಯುತ್ತಿದ್ದರೆ ಬರೀ ನೀರು ಸುರಿದು ಸುಮ್ಮನಾಗಬಾರದು. ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಮುಚ್ಚಳವನ್ನು ಎಂಜಿನ್ ಆರಿದ ಮೇಲೆಯೇ ತೆಗೆಯಬೇಕು. ಬಿಸಿಯಿದ್ದಾಗ ಒಳಗಿನ ಒತ್ತಡಕ್ಕೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಬ್ರೂಖ್‌ಜಾಲ್‌ನಲ್ಲಿ ಒಬ್ಬ ಕಮ್ಮಾರ ಸಡಿಲವಾದ ಚೈನನ್ನು ಸರಿಮಾಡಿಕೊಟ್ಟ. ಏರಿನಲ್ಲಿ ಗಾಡಿಗೆ ಶಕ್ತಿ ಸಾಲದೆ ಮಕ್ಕಳು ಇಳಿದು ತಳ್ಳಿದರು. ನಿಜವಾದ ಅಪಾಯವಿದ್ದದ್ದು ಇಳಿಜಾರಿನಲ್ಲಿ. ಬ್ರೇಕಿಗಿದ್ದದ್ದು ಮರದ ತುಂಡುಗಳು; ಉಜ್ಜಿ ಉಜ್ಜಿ ಅವು ಸವೆದುಹೋದವು. ಬಾವ್ಷ್ಲಾಟ್ ಎಂಬ ಹಳ್ಳಿಯಲ್ಲಿ ಬೂಟು ಹೊಲಿಯುವವನನ್ನು ಹುಡುಕಿ ಅವುಗಳಿಗೆ ಚರ್ಮ ಹೊಡೆಸಿದರು ಬರ್ತಾ. ಸವೆದರೆ ಅಷ್ಟನ್ನೇ ಕಿತ್ತು ಹೊಸದು ಹಾಕಿದರಾಯಿತು. ಬ್ರೇಕ್ ಲೈನಿಂಗ್ ಹುಟ್ಟಿದ್ದು ಹೀಗೆ ಎನ್ನುತ್ತಾರೆ.

ಸಂಜೆ ತವರು ಮುಟ್ಟಿ ಗಂಡನಿಗೆ ತಂತಿ ಕಳಿಸಿದರು. ಕೆಲವು ದಿನಗಳ ನಂತರ ಅದೇ ಗಾಡಿಯಲ್ಲಿ ಮಾನ್‌ಹೈಮ್‌ಗೆ ಮರಳಿದರು. ಏರು ಹತ್ತಲು ಇನ್ನೊಂದು ಗೇರು ಬೇಕು ಎಂಬ ಅವರ ಮಾತಿನಂತೆ ಕಾರ್ಲ್ ಗಾಡಿಯನ್ನು ತಿದ್ದಿದರು.

ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿದವರಿಗೆ ಆ ಚರ್ಮದ ತುಂಡಿನ ಬೆಲೆ ಗೊತ್ತಿರುತ್ತದೆ. ಘಾಟಿ ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟೇ ಇದ್ದರೆ ಪ್ಯಾಡು ಕಾಯುತ್ತದೆ, ಕಮಟು ವಾಸನೆ ಬರುತ್ತದೆ, ಕೊನೆಗೆ ಎಷ್ಟು ತುಳಿದರೂ ಹಿಡಿತ ಸಿಗದು. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂದು ಅನುಭವಸ್ಥ ಡ್ರೈವರುಗಳು ಹೇಳುವುದು ಇದಕ್ಕೇ. ವೇಗವನ್ನು ಎಂಜಿನ್ನೇ ಹಿಡಿದಿಡಲಿ, ಬ್ರೇಕು ತಿರುವಿಗಿರಲಿ. ಡೀಸೆಲ್ ಉಳಿಸಲು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಇಳಿಯುವವರು ಎಂಜಿನ್ನಿನ ಆ ಹಿಡಿತವನ್ನು ತಾವಾಗಿ ಬಿಟ್ಟುಕೊಡುತ್ತಾರೆ. ವಾಸನೆ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಬೇಕು, ಬ್ರೇಕು ತಾನಾಗಿ ಆರಬೇಕು.

ಪೇಟೆಂಟಿನಲ್ಲಿರುವುದು ಕಾರ್ಲ್ ಹೆಸರೊಂದೇ. ಮದುವೆಗೆ ಮುಂಚೆಯೇ ತನ್ನ ವರದಕ್ಷಿಣೆಯ ಹಣವನ್ನು ಅವರ ಕಾರ್ಖಾನೆಗೆ ಸುರಿದದ್ದು ಬರ್ತಾ. ಪಿನ್ನು, ಕಾಲುಪಟ್ಟಿಗಳ ಪ್ರಸಂಗವನ್ನು ನಾವು ನಗುತ್ತ ನೆನೆಯುತ್ತೇವೆ. ಅದರ ಹಿಂದೆ ಯಂತ್ರವನ್ನು ಬಲ್ಲ ಒಬ್ಬ ಹೆಂಗಸು ಇದ್ದುದನ್ನು ಮರೆಯುತ್ತೇವೆ. ಎಲ್ಲಿ ಕಟ್ಟಿಕೊಂಡಿದೆ ಎಂದು ಗೊತ್ತಿಲ್ಲದವರ ಕೈಯಲ್ಲಿ ಪಿನ್ನು ಇದ್ದೇನು ಫಲ? ಆ ಕಮ್ಮಾರನ, ಬೂಟು ಹೊಲಿದವನ ಪಾಲೂ ಕಾರಿನ ಚರಿತ್ರೆಯಲ್ಲಿದೆ. ರಸ್ತೆಬದಿಯ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡು ಶಬ್ದ ಕೇಳಿಯೇ ದೋಷ ಹೇಳುವ ಮೆಕ್ಯಾನಿಕ್ ಅದೇ ಸಾಲಿನವನು. ಆ ಅರಿವನ್ನು ನಾವು ಬರೀ ಬಿಲ್ಲಿನ ಮೊತ್ತದಲ್ಲಿ ಅಳೆಯುತ್ತಿದ್ದೇವೆ.

ಮುಂದಿನ ಸಲ ಸರ್ವಿಸಿಗೆ ಹೋದಾಗ ಬದಲಾಯಿಸಿದ ಬ್ರೇಕ್ ಪ್ಯಾಡನ್ನು ತೋರಿಸಲು ಕೇಳಿ. ಎಷ್ಟು ಸವೆದಿದೆ, ಎರಡೂ ಬದಿ ಒಂದೇ ಸಮ ಸವೆದಿದೆಯೇ, ಇಲ್ಲದಿದ್ದರೆ ಏಕೆ ಎಂದು ವಿಚಾರಿಸಿ. ಕೆಲಸ ಬಲ್ಲ ಮೆಕ್ಯಾನಿಕ್ ಆದರೆ ಖುಷಿಯಿಂದಲೇ ವಿವರಿಸುತ್ತಾನೆ.