ನಿದ್ದೆ ಬಾರದ ರಾತ್ರಿಗಳು ಮತ್ತು ನಮ್ಮ ಪೂರ್ವಿಕರ ಆರೈಕೆ

ನಿದ್ದೆಯನ್ನು ಅಲ್ಲಾಹನು ತನ್ನ ದೃಷ್ಟಾಂತಗಳ ಸಾಲಿನಲ್ಲಿ ಸೇರಿಸಿದ್ದಾನೆ. ಪವಿತ್ರ ಕುರ್‌ಆನಿನ ಸೂರಃ ಅರ್ರೂಮ್‌ನಲ್ಲಿ ಆಕಾಶ ಭೂಮಿಗಳ ಸೃಷ್ಟಿಯನ್ನೂ ಮನುಷ್ಯರ ಭಾಷೆ, ಬಣ್ಣಗಳ ವೈವಿಧ್ಯವನ್ನೂ ಹೇಳಿದ ಬೆನ್ನಿಗೇ ನಿದ್ದೆಯ ಉಲ್ಲೇಖ ಬರುತ್ತದೆ. ಸೂರಃ ಅನ್ನಬಅ್‌ನಲ್ಲಿ ನಿದ್ದೆಯನ್ನು ವಿಶ್ರಾಂತಿಗಾಗಿ ಮಾಡಲಾಗಿದೆ ಎಂದು ತಿಳಿಸಲಾಗಿದೆ. ಹಾಗಾದರೆ ನಿದ್ದೆ ಕಳೆದುಕೊಂಡವನು ದೊಡ್ಡ ಅನುಗ್ರಹವೊಂದರಿಂದ ವಂಚಿತನಾಗಿದ್ದಾನೆ ಎಂದೇ ಅರ್ಥ.

ಜುಮಾ ಮುಗಿದ ಮೇಲೆ ದುಆ ಮಾಡಿಸಿಕೊಳ್ಳಲು ಬರುವವರಲ್ಲಿ ರಾತ್ರಿ ನಿದ್ದೆ ಬರುತ್ತಿಲ್ಲ ಎನ್ನುವವರು ಈಗ ಕಡಿಮೆಯೇನಿಲ್ಲ. ಒಬ್ಬರಿಗೆ ಸಾಲದ ಚಿಂತೆ, ಇನ್ನೊಬ್ಬರಿಗೆ ಮಗಳ ಮದುವೆಯ ಚಿಂತೆ, ಮತ್ತೊಬ್ಬರಿಗೆ ಗಲ್ಫಿನಲ್ಲಿ ಕೆಲಸ ಕಳೆದುಕೊಂಡ ಮಗನ ಚಿಂತೆ. ಇವರು ಮನೆಯಲ್ಲಿ ಬಾಯಿ ಬಿಟ್ಟರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ನಿನ್ನ ಈಮಾನ್ ದುರ್ಬಲವಾಗಿದೆ, ನಮಾಝ್ ಸರಿ ಮಾಡು, ಎಲ್ಲ ಸರಿಹೋಗುತ್ತದೆ. ಮೊದಲೇ ಬಳಲಿದವನ ಮೇಲೆ ತಪ್ಪಿತಸ್ಥನೆಂಬ ಇನ್ನೊಂದು ಹೊರೆ ಬೀಳುತ್ತದೆ. ಮುಂದೆ ಅವನು ಯಾರ ಬಳಿಯೂ ಹೇಳುವುದಿಲ್ಲ.

ನಮ್ಮ ಪೂರ್ವಿಕರು ಇಂಥವರನ್ನು ಹೀಗೆ ನಡೆಸಿಕೊಂಡಿದ್ದರೇ? ಇತಿಹಾಸ ಬೇರೆಯೇ ಮಾತು ಹೇಳುತ್ತದೆ.

ದುಃಖ ಈಮಾನಿನ ಕೊರತೆಯಲ್ಲ

ಪ್ರವಾದಿ ಯಅ್‌ಕೂಬ್(ಅ)ರವರು ಮಗ ಯೂಸುಫ್(ಅ)ರನ್ನು ಕಳೆದುಕೊಂಡು ಎಷ್ಟು ದುಃಖಿಸಿದರೆಂದರೆ ಅವರ ಕಣ್ಣುಗಳು ಬಿಳಿಚಿಕೊಂಡವು ಎಂದು ಕುರ್‌ಆನ್ ತಿಳಿಸುತ್ತದೆ. ಅವರ ಈಮಾನಿನಲ್ಲಿ ಕೊರತೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಹಿಜರಿ 2ನೇ ವರ್ಷ ಬದ್ರ್‌ನಲ್ಲಿ ತಮಗಿಂತ ಮೂರು ಪಟ್ಟು ದೊಡ್ಡ ಸೈನ್ಯವನ್ನು ಎದುರಿಸಬೇಕಾಗಿ ಬಂದಾಗ ಸಹಾಬಿಗಳಲ್ಲೂ ಆತಂಕವಿತ್ತು. ಆಗ ಅಲ್ಲಾಹನು ಅವರ ಮೇಲೆ ತೂಕಡಿಕೆಯನ್ನು ಅಭಯವಾಗಿ ಇಳಿಸಿದನೆಂದು ಸೂರಃ ಅಲ್ ಅನ್‌ಫಾಲ್‌ನಲ್ಲಿದೆ. ಮರುವರ್ಷ ಉಹುದ್‌ನಲ್ಲೂ ಹಾಗೆಯೇ ಆಯಿತು. ತೂಕಡಿಕೆಯಿಂದ ಕೈಯಲ್ಲಿದ್ದ ಖಡ್ಗ ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು ಎಂದು ಅಬೂ ತಲ್ಹಾ(ರ) ನೆನಪಿಸಿಕೊಂಡಿದ್ದಾರೆ. ಭಯಪಟ್ಟವರನ್ನು ಅಲ್ಲಾಹನು ಗದರಿಸಲಿಲ್ಲ, ಅವರಿಗೆ ವಿಶ್ರಾಂತಿ ಕೊಟ್ಟನು.

ಫಾತಿಮಾ(ರ)ರವರ ಮನೆಯ ಘಟನೆ ನಮಗೆಲ್ಲ ಗೊತ್ತಿದೆ. ಬೀಸುವ ಕಲ್ಲು ತಿರುಗಿಸಿ ಅವರ ಕೈಗಳು ನೊಂದಿದ್ದವು. ಕೆಲಸಕ್ಕೆ ಒಬ್ಬರನ್ನು ಕೇಳಲೆಂದು ತಂದೆಯ ಮನೆಗೆ ಹೋದರು. ಪ್ರವಾದಿ(ಸ)ರವರು ಮನೆಯಲ್ಲಿರಲಿಲ್ಲ. ಆಇಶಾ(ರ)ರ ಬಳಿ ಹೇಳಿ ಮರಳಿದರು. ವಿಷಯ ತಿಳಿದ ಪ್ರವಾದಿ(ಸ)ರವರು ಅದೇ ರಾತ್ರಿ ಮಗಳ ಮನೆಗೆ ಬಂದರು. ದಂಪತಿ ಆಗಲೇ ಮಲಗಿದ್ದರು. ಏಳಲು ಹೊರಟವರನ್ನು ತಡೆದು ಇಬ್ಬರ ನಡುವೆ ಕುಳಿತರು. ಬಳಿಕ, ಮಲಗುವ ಮುಂಚೆ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್ ಹೇಳಲು ಕಲಿಸಿದರು. ಅಂದಿನಿಂದ ಅದನ್ನು ಎಂದೂ ಬಿಡಲಿಲ್ಲ, ಸಿಫ್ಫೀನ್ ಯುದ್ಧದ ರಾತ್ರಿಯೂ ಬಿಡಲಿಲ್ಲ ಎಂದು ಅಲಿ(ರ) ಹೇಳಿದ್ದಾರೆ.

ನಾವು ಈ ಹದೀಸ್‌ನಿಂದ ತಸ್ಬೀಹ್‌ನ ಸಂಖ್ಯೆಯನ್ನಷ್ಟೇ ಕಲಿಸುತ್ತೇವೆ. ಅದಕ್ಕೂ ಮೊದಲು ನಡೆದದ್ದನ್ನೂ ಗಮನಿಸಬೇಕು. ಬಳಲಿದ ಮಗಳ ಬಳಿಗೆ ತಂದೆ ತಾವಾಗಿ ಬಂದರು, ಹತ್ತಿರ ಕುಳಿತರು, ಆಮೇಲೆ ದಿಕ್ರ್ ಕಲಿಸಿದರು.

ರಾತ್ರಿಯಿಡೀ ಎಚ್ಚರವಿದ್ದು ಇಬಾದತ್ ಮಾಡುವುದನ್ನೂ ಅವರು ಪ್ರೋತ್ಸಾಹಿಸಲಿಲ್ಲ. ಅಬುದ್ದರ್ದಾ(ರ)ರವರು ರಾತ್ರಿಯಿಡೀ ನಮಾಝ್‌ಗೆ ಹೊರಟಾಗ, ಮನೆಗೆ ಅತಿಥಿಯಾಗಿ ಬಂದಿದ್ದ ಸಲ್ಮಾನ್ ಫಾರ್ಸಿ(ರ) ಅವರನ್ನು ಮತ್ತೆ ಮತ್ತೆ ಮಲಗಿಸಿ ಕೊನೆಯ ಜಾವದಲ್ಲಿ ಮಾತ್ರ ಎಬ್ಬಿಸಿದರು. ದೇಹಕ್ಕೂ ಮನೆಯವರಿಗೂ ನಮ್ಮ ಮೇಲೆ ಹಕ್ಕಿದೆ ಎಂದರು. ವಿಷಯ ಪ್ರವಾದಿ(ಸ)ರ ಬಳಿಗೆ ಹೋದಾಗ, ಸಲ್ಮಾನ್ ಹೇಳಿದ್ದು ಸತ್ಯ ಎಂದು ತೀರ್ಪು ಬಂತು.

ಮದೀನಾದ ರಾತ್ರಿಗೂ ಒಂದು ಕ್ರಮವಿತ್ತು. ಇಶಾಕ್ಕೆ ಮುನ್ನ ಮಲಗುವುದನ್ನೂ ಇಶಾದ ಬಳಿಕ ಕಾಡುಹರಟೆಯನ್ನೂ ಪ್ರವಾದಿ(ಸ)ರವರು ಇಷ್ಟಪಡುತ್ತಿರಲಿಲ್ಲ. ವುಝೂ ಮಾಡಿ, ಹಾಸಿಗೆ ಕೊಡವಿ, ಬಲಮಗ್ಗುಲಿಗೆ ಮಲಗಲು ಕಲಿಸಿದರು. ಮಲಗುವಾಗ ದೀಪ ಆರಿಸಲು ಹೇಳಿದರು. ಮಧ್ಯಾಹ್ನದ ಸಣ್ಣ ನಿದ್ದೆ, ಅಂದರೆ ಕೈಲೂಲಾ, ಸಹಾಬಿಗಳ ರೂಢಿಯಾಗಿತ್ತು. ಶುಕ್ರವಾರ ಅದನ್ನು ಜುಮಾದ ಬಳಿಕ ಮಾಡುತ್ತಿದ್ದರು.

ಬಲ್ಖ್‌ನ ವಿದ್ವಾಂಸ

ಪ್ರವಾದಿ(ಸ)ರವರು ಚಿಕಿತ್ಸೆ ಮಾಡಿಸಿಕೊಳ್ಳಲು ಆದೇಶಿಸಿದ್ದರು. ಈ ಮಾತನ್ನು ಮುಸ್ಲಿಮ್ ವೈದ್ಯರು ಮನಸ್ಸಿನ ಕಾಯಿಲೆಗೂ ಅನ್ವಯಿಸಿದರು. ಅವರಲ್ಲಿ ಅಬೂ ಝೈದ್ ಅಲ್ ಬಲ್ಖೀ ಅವರ ಹೆಸರನ್ನು ನಾವು ಕೇಳಿರುವುದು ಕಡಿಮೆ. ಇಂದಿನ ಅಫ್ಘಾನಿಸ್ತಾನದ ಬಲ್ಖ್ ಸಮೀಪ ಕ್ರಿ.ಶ. 850ರ ಸುಮಾರಿಗೆ ಹುಟ್ಟಿದ ಅವರು ಇರಾಕಿಗೆ ಹೋಗಿ ಪ್ರಸಿದ್ಧ ತತ್ತ್ವಜ್ಞಾನಿ ಅಲ್ ಕಿಂದಿಯವರ ಬಳಿ ಕಲಿತರು. 934ರಲ್ಲಿ ನಿಧನರಾದರು. ಭೂಗೋಳ ಶಾಸ್ತ್ರದಲ್ಲೂ ಅವರದು ದೊಡ್ಡ ಹೆಸರು.

ಅವರ 'ಮಸಾಲಿಹುಲ್ ಅಬ್‌ದಾನಿ ವಲ್ ಅನ್‌ಫುಸ್' ಎಂಬ ಗ್ರಂಥದ ಹೆಸರಿನಲ್ಲೇ ದೇಹಗಳ ಕ್ಷೇಮವೂ ಮನಸ್ಸುಗಳ ಕ್ಷೇಮವೂ ಇದೆ. ಮೊದಲ ಭಾಗ ದೇಹದ್ದು. ಅದರಲ್ಲಿ ವಸತಿ, ಆಹಾರ, ಸ್ನಾನ, ವ್ಯಾಯಾಮಗಳ ಜೊತೆಗೆ ನಿದ್ದೆಯ ಅಧ್ಯಾಯವೂ ಇದೆ. ಎರಡನೇ ಭಾಗ ಮನಸ್ಸಿನದು. ವೈದ್ಯರು ದೇಹವನ್ನಷ್ಟೇ ನೋಡುತ್ತಾರೆ, ಮನಸ್ಸನ್ನು ಕಡೆಗಣಿಸುತ್ತಾರೆ ಎಂಬುದು ಅವರ ದೂರು. ಮನಸ್ಸು ನೊಂದರೆ ದೇಹ ಕೆಡುತ್ತದೆ, ದೇಹ ಕೆಟ್ಟರೆ ಮನಸ್ಸು ನೋಯುತ್ತದೆ ಎಂದು ಅವರು ವಿವರಿಸಿದರು.

ಮನಸ್ಸಿನ ಬಾಧೆಗಳನ್ನು ಅವರು ನಾಲ್ಕಾಗಿ ವಿಂಗಡಿಸಿದರು: ಕೋಪ, ಭಯ, ದುಃಖ ಮತ್ತು ವಸ್‌ವಾಸ್. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ತಿಳಿಯದೆ ಕವಿಯುವ ದುಃಖ ಬೇರೆ ಎಂದರು. ಎರಡನೆಯದು ದೇಹದೊಳಗಿನ ಏರುಪೇರಿನಿಂದ ಬರುವುದು, ಅದಕ್ಕೆ ಔಷಧ ಬೇಕು ಎಂಬುದು ಅವರ ಅಭಿಪ್ರಾಯ. ಸಾವಿರ ವರ್ಷಗಳಿಗೂ ಹಿಂದೆ ಬರೆದ ಮಾತಿದು.

ಅವರು ಸೂಚಿಸಿದ ಉಪಾಯಗಳನ್ನು ಇಂದೂ ಪಾಲಿಸಬಹುದು. ಹಠಾತ್ತನೆ ಬರುವ ಕಾಯಿಲೆಗೆಂದು ಮನೆಯಲ್ಲಿ ಔಷಧ ಇಟ್ಟುಕೊಳ್ಳುತ್ತೇವೆ. ಹಾಗೆಯೇ ಮನಸ್ಸು ನೆಮ್ಮದಿಯಿಂದಿರುವಾಗ ಒಳ್ಳೆಯ ಯೋಚನೆಗಳನ್ನು ಕೂಡಿಟ್ಟುಕೊಳ್ಳಬೇಕು, ಸಂಕಟ ಬಂದಾಗ ಅವು ಒದಗುತ್ತವೆ. ಭಯದ ಬಗ್ಗೆ ಅವರು ಒಂದು ಹೋಲಿಕೆ ಕೊಡುತ್ತಾರೆ. ಎಂದೂ ಮಂಜು ಕಾಣದ ಮರುಭೂಮಿಯವನಿಗೆ ದೂರದ ಮಂಜು ಗೋಡೆಯಂತೆ ತೋರುತ್ತದೆ. ಒಳಹೊಕ್ಕರೆ ಅದು ಬರೀ ತೇವದ ಗಾಳಿ. ನಾವು ಅಂಜುವ ಹೆಚ್ಚಿನ ಸಂಗತಿಗಳೂ ಹೀಗೆಯೇ. ಇನ್ನು ವಸ್‌ವಾಸ್ ಕಾಡುವವನು ಒಂಟಿಯಾಗಿರಬಾರದು, ಜನರ ನಡುವೆ ಇರಬೇಕು, ಕೆಲಸದಲ್ಲಿ ತೊಡಗಬೇಕು ಎಂದರು.

ಈ ಗ್ರಂಥದ ಹಸ್ತಪ್ರತಿ ಇಸ್ತಾಂಬುಲ್‌ನಲ್ಲಿ ಉಳಿದಿತ್ತು. 1984ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅದರ ಯಥಾಪ್ರತಿ ಅಚ್ಚಾಯಿತು. ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿಯವರು ಮನಸ್ಸಿನ ಭಾಗವನ್ನು ಇಂಗ್ಲಿಷ್‌ಗೆ ತಂದು 2013ರಲ್ಲಿ ಪ್ರಕಟಿಸಿದರು.

ಬೀಮಾರಿಸ್ತಾನಗಳ ರಾತ್ರಿಗಳು

ಆಸ್ಪತ್ರೆಗೆ ಆ ಕಾಲದ ಹೆಸರು ಬೀಮಾರಿಸ್ತಾನ, ಅಂದರೆ ಬೀಮಾರಾದವರ ಜಾಗ. ಕ್ರಿ.ಶ. 870ರ ದಶಕದಲ್ಲಿ ಈಜಿಪ್ಟಿನ ಅಹ್ಮದ್ ಇಬ್ನ್ ತೂಲೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಸ್ಥಳವಿತ್ತು. ಪ್ರತಿ ಶುಕ್ರವಾರ ಅವರೇ ಬಂದು ನೋಡುತ್ತಿದ್ದರು. ಒಂದು ದಿನ ಒಬ್ಬ ಮನೋರೋಗಿ ದಾಳಿಂಬೆ ಕೇಳಿದ. ಕೊಡಿಸಿದರು. ಅವನು ಅದನ್ನು ಅವರ ಮೇಲೆಯೇ ಎಸೆದು ಬಟ್ಟೆ ಕೆಡಿಸಿದ. ಆಮೇಲೆ ಇಬ್ನ್ ತೂಲೂನ್ ಅಲ್ಲಿಗೆ ಬರುವುದನ್ನು ನಿಲ್ಲಿಸಿದರು ಎಂದು ಇತಿಹಾಸಕಾರ ಮಕ್ರೀಝಿ ಬರೆದಿದ್ದಾರೆ. ಆದರೆ ಆಸ್ಪತ್ರೆ ಮುಚ್ಚಲಿಲ್ಲ.

1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಬೀಮಾರಿಸ್ತಾನ ಇನ್ನೂ ದೊಡ್ಡದು. ಬಡವ ಬಲ್ಲಿದ, ಊರಿನವ ಪರವೂರಿನವ, ಗಂಡು ಹೆಣ್ಣು ಎಂಬ ಭೇದವಿಲ್ಲದೆ ಎಲ್ಲರಿಗೂ ಚಿಕಿತ್ಸೆ ಸಿಗಬೇಕೆಂದು ಅದರ ವಕ್ಫ್ ಪತ್ರದಲ್ಲೇ ಬರೆಸಿದ್ದರು. ಅಲ್ಲಿ ನಿದ್ದೆ ಬಾರದ ರೋಗಿಗಳನ್ನು ಪ್ರತ್ಯೇಕ ಕೋಣೆಯಲ್ಲಿರಿಸಿ ಇಂಪಾದ ಧ್ವನಿ ಕೇಳಿಸುತ್ತಿದ್ದರು, ಕಥೆಗಾರರಿಂದ ಕಥೆ ಹೇಳಿಸುತ್ತಿದ್ದರು ಎಂದು 19ನೇ ಶತಮಾನದ ಫ್ರೆಂಚ್ ವಿದ್ವಾಂಸ ಪ್ರಿಸ್ ದಾವೆನ್ ದಾಖಲಿಸಿದ್ದಾರೆ. ರಾತ್ರಿ ನರಳುವವನಿಗೆ ಬೆಳಗಾಗುವುದೇ ಇಲ್ಲವೇನೋ ಅನಿಸುತ್ತದೆ. ಅವರ ಒಂಟಿತನ ನೀಗಲೆಂದು ಅಲ್ಲಿ ಫಜ್ರ್‌ಗೆ ಬಹಳ ಮುಂಚೆಯೇ ಮುಅದ್ದಿನ್‌ನ ಧ್ವನಿ ಕೇಳಿಬರುತ್ತಿತ್ತು ಎಂದೂ ಅವರು ಬರೆಯುತ್ತಾರೆ.

ತುರ್ಕಿಯ ಎದಿರ್ನೆಯಲ್ಲಿ ಸುಲ್ತಾನ್ ಎರಡನೇ ಬಾಯಝೀದ್ 1488ರಲ್ಲಿ ಪೂರ್ಣಗೊಳಿಸಿದ ದಾರುಶ್ಶಿಫಾ ಇಂದಿಗೂ ಇದೆ, ಈಗ ವಸ್ತುಸಂಗ್ರಹಾಲಯವಾಗಿದೆ. ಗುಮ್ಮಟದ ಕೆಳಗೆ ಕಾರಂಜಿ, ಸುತ್ತಲೂ ರೋಗಿಗಳ ಕೋಣೆಗಳು. 17ನೇ ಶತಮಾನದಲ್ಲಿ ಅಲ್ಲಿಗೆ ಭೇಟಿ ಕೊಟ್ಟ ಪ್ರವಾಸಿ ಔಲಿಯಾ ಚಲಬಿ, ಹತ್ತು ಮಂದಿ ಸಂಗೀತಗಾರರು ವಾರಕ್ಕೆ ಮೂರು ಬಾರಿ ಬರುತ್ತಿದ್ದರೆಂದು ಬರೆದಿದ್ದಾರೆ. ಸಂಗೀತದ ವಿಷಯದಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಆ ಚರ್ಚೆ ಇಲ್ಲಿ ಬೇಡ. ಮನಸ್ಸು ಕೆಟ್ಟವನನ್ನು ಸರಪಳಿಯಲ್ಲಿ ಬಿಗಿದು ಮರೆತುಬಿಡುವುದು ಎಷ್ಟೋ ಕಡೆ ರೂಢಿಯಲ್ಲಿದ್ದ ಕಾಲದಲ್ಲಿ ಅವನ ಕಿವಿಗೆ ನೀರಿನ ಸದ್ದು, ಮೂಗಿಗೆ ಹೂವಿನ ಪರಿಮಳ ತಲುಪಬೇಕೆಂದು ಯೋಚಿಸಿದ್ದರಲ್ಲ, ಅದನ್ನು ನಾವು ಗಮನಿಸಬೇಕು.

ನಮ್ಮ ನಾಡಿಗೂ ಈ ಪರಂಪರೆ ಬಂದಿತ್ತು. 1436ರಿಂದ 1458ರವರೆಗೆ ಆಳಿದ ಬಹಮನಿ ಸುಲ್ತಾನ್ ಎರಡನೇ ಅಲಾವುದ್ದೀನ್ ಅಹ್ಮದ್ ಷಾ ಬೀದರ್‌ನಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿಸಿ, ಔಷಧ ಮತ್ತು ಆಹಾರದ ಖರ್ಚಿಗೆ ಭೂಮಿ ಬಿಟ್ಟುಕೊಟ್ಟರು. ಹಿಂದೂ ಮತ್ತು ಮುಸ್ಲಿಮ್ ವೈದ್ಯರು ಅಲ್ಲಿ ಒಟ್ಟಿಗೆ ದುಡಿಯುತ್ತಿದ್ದರೆಂದು ಬಿಜಾಪುರದಲ್ಲಿ ಕುಳಿತು ಇತಿಹಾಸ ಬರೆದ ಫಿರಿಷ್ತಾ ತಿಳಿಸುತ್ತಾರೆ. ನಿದ್ದೆಗೆಂದು ತಲೆಗೆ ರೋಗನೆ ಕಾಹೂ ಹಚ್ಚುವ ಹಕೀಮರ ಪದ್ಧತಿ ಯೂನಾನಿಯಲ್ಲಿ ಈಗಲೂ ಇದೆ.

ನಾವು ಮಾಡಬೇಕಾದದ್ದು

ಈ ಇತಿಹಾಸದಲ್ಲಿ ದುಆ ಒಂದು ಕಡೆ, ವೈದ್ಯ ಇನ್ನೊಂದು ಕಡೆ ಎಂಬ ಜಗಳವಿಲ್ಲ. ತಸ್ಬೀಹ್ ಕಲಿಸಿದ ಪ್ರವಾದಿ(ಸ)ರವರೇ ಚಿಕಿತ್ಸೆಗೂ ಆದೇಶಿಸಿದರು. ವಕ್ಫ್ ಮಾಡಿದ ಅದೇ ಕೈಗಳು ಮಸೀದಿಯನ್ನೂ ಕಟ್ಟಿದವು, ಆಸ್ಪತ್ರೆಯನ್ನೂ ಕಟ್ಟಿದವು.

ಆದ್ದರಿಂದ ಸಹೋದರ ಸಹೋದರಿಯರೇ, ಮೊದಲು ಮನೆಯ ರಾತ್ರಿಯನ್ನು ಸರಿಪಡಿಸಿಕೊಳ್ಳೋಣ. ಇಶಾದ ಬಳಿಕ ಹೋಟೆಲಿನ ಕಟ್ಟೆ ಹರಟೆ, ಮಧ್ಯರಾತ್ರಿಯ ಚಹಾ, ದಿಂಬಿನ ಪಕ್ಕದ ಮೊಬೈಲ್ ಇವನ್ನು ಬಿಡೋಣ. ದೀಪ ಆರಿಸಲು ಹೇಳಿದ ಸುನ್ನತ್ ಇಂದು ಮೊಬೈಲಿನ ಬೆಳಕಿಗೂ ಸಲ್ಲುತ್ತದೆ. ವುಝೂ ಮಾಡಿ, ತಸ್ಬೀಹ್ ಹೇಳಿ ಮಲಗೋಣ. ಸಾಲ, ಮದುವೆ, ಜಗಳಗಳ ಮಾತನ್ನು ಹಾಸಿಗೆಗೆ ತರದೆ ಹಗಲಿನಲ್ಲೇ ಕುಳಿತು ಮಾತಾಡೋಣ.

ಇಷ್ಟಾದರೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎಂಬ ಮಾತು ಬಾಯಿಗೆ ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇವೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮನೆಯಲ್ಲಿ ಯಾರಾದರೂ ನಿದ್ದೆ ಬರುತ್ತಿಲ್ಲ ಎಂದರೆ ಅವರ ಈಮಾನನ್ನು ಅಳೆಯಲು ಹೋಗಬೇಡಿ. ಹತ್ತಿರ ಹೋಗಿ ಕುಳಿತುಕೊಳ್ಳಿ, ಮಾತು ಕೇಳಿ.

ಆತಂಕದಲ್ಲಿರುವ ಪ್ರತಿಯೊಬ್ಬರಿಗೂ ಅಲ್ಲಾಹನು ನೆಮ್ಮದಿಯ ನಿದ್ದೆಯನ್ನು ಕರುಣಿಸಲಿ. ಅವರಿಗೆ ಆಸರೆಯಾಗುವ ಮನಸ್ಸನ್ನು ನಮಗೆಲ್ಲ ಕೊಡಲಿ. ಆಮೀನ್.