ವಿದೇಶದಲ್ಲಿ ವಿವಾಹ: ನಾಡಕಚೇರಿಯಿಂದ ರಾಯಭಾರ ಕಚೇರಿಯವರೆಗೆ ಬೇಕಾಗುವ ದಾಖಲೆಗಳು

ಅನುಗೊಂಡನಹಳ್ಳಿ: ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳ ಪೈಕಿ ವೈಟ್‌ಫೀಲ್ಡ್‌ಗೆ ಹತ್ತಿರವಿರುವುದು ಅನುಗೊಂಡನಹಳ್ಳಿ ಹೋಬಳಿ. ಇಲ್ಲಿನ ರೈತ ಕುಟುಂಬಗಳ ಮಕ್ಕಳೂ ಇಂದು ಸಾಫ್ಟ್‌ವೇರ್ ಉದ್ಯೋಗ, ಶುಶ್ರೂಷೆ ಹಾಗೂ ಉನ್ನತ ವ್ಯಾಸಂಗದ ನಿಮಿತ್ತ ಅಮೆರಿಕ, ಬ್ರಿಟನ್ ಮತ್ತು ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸುತ್ತಿದ್ದಾರೆ. ಇದರೊಂದಿಗೆ ಮದುವೆಯೂ ಅಲ್ಲಿಯೇ ನಡೆಯುವ ಸಂದರ್ಭಗಳು ಒದಗುತ್ತಿವೆ. ಮುಹೂರ್ತ, ಜಾತಕ, ಛತ್ರದ ವಿಚಾರದಲ್ಲಿ ಹಿರಿಯರಿಗೆ ಅನುಭವವಿದೆ. ಆದರೆ ವಿದೇಶದ ನೋಂದಣಾಧಿಕಾರಿಯ ಮುಂದೆ ಇಡಬೇಕಾದ ಕಾಗದಪತ್ರಗಳ ವಿಚಾರ ಬಹುತೇಕ ಮನೆಗಳಿಗೆ ಹೊಸತು.

ದಾಖಲೆ ಸರಿಯಿಲ್ಲದ ವಿವಾಹದಿಂದ ಉಂಟಾಗುವ ತೊಂದರೆ ಸಣ್ಣದಲ್ಲ. ಪತ್ನಿಗೆ ಅವಲಂಬಿತರ ವೀಸಾ ದೊರೆಯದೆ ಹೋಗಬಹುದು. ಪತಿಯ ಮರಣಾನಂತರ ಪೌತಿ ಖಾತೆಗೆ, ವಿಮೆಗೆ ಅಥವಾ ಜೀವನಾಂಶಕ್ಕೆ ಅರ್ಜಿ ಸಲ್ಲಿಸುವಾಗ ವಿವಾಹವನ್ನೇ ಸಾಬೀತುಪಡಿಸಬೇಕಾದ ಸ್ಥಿತಿ ಬರಬಹುದು. ಆದುದರಿಂದ ವಿಮಾನದ ಟಿಕೆಟ್ ಕಾಯ್ದಿರಿಸುವ ಮುನ್ನವೇ ಕಾನೂನಿನ ದಾರಿಯನ್ನು ತಿಳಿದುಕೊಳ್ಳುವುದು ಲೇಸು.

ಇರುವ ದಾರಿಗಳು ಎರಡು

ವಿದೇಶದಲ್ಲಿ ಭಾರತೀಯ ಪ್ರಜೆ ವಿವಾಹವಾಗಲು ಮುಖ್ಯವಾಗಿ ಎರಡು ಮಾರ್ಗಗಳಿವೆ. ಮೊದಲನೆಯದು, ಆ ದೇಶದ ಕಾನೂನಿನಂತೆ ಅಲ್ಲಿನ ನೋಂದಣಿ ಕಚೇರಿಯಲ್ಲಿ ಅಥವಾ ಮಾನ್ಯತೆ ಪಡೆದ ಧಾರ್ಮಿಕ ಸ್ಥಳದಲ್ಲಿ ವಿವಾಹವಾಗುವುದು. ಎರಡನೆಯದು, 1969ರ ವಿದೇಶಿ ವಿವಾಹ ಕಾಯ್ದೆಯಂತೆ ಭಾರತೀಯ ರಾಯಭಾರ ಕಚೇರಿ ಅಥವಾ ದೂತಾವಾಸದ ವಿವಾಹಾಧಿಕಾರಿಯ ಮುಂದೆ ವಿವಾಹವಾಗುವುದು. ಈ ಎರಡನೆಯ ಮಾರ್ಗಕ್ಕೆ ವಧೂವರರಲ್ಲಿ ಒಬ್ಬರಾದರೂ ಭಾರತೀಯ ಪ್ರಜೆಯಾಗಿರಬೇಕು.

ಕಾಯ್ದೆಯಡಿ ಆಗದ ವಿವಾಹವೆಲ್ಲ ಅಸಿಂಧು ಎಂಬ ಭಾವನೆ ಕೆಲವರಲ್ಲಿದೆ. ಇದು ಸರಿಯಲ್ಲ. ಬೇರೆ ವಿಧಾನದಲ್ಲಿ ವಿದೇಶದಲ್ಲಿ ನಡೆದ ವಿವಾಹದ ಸಿಂಧುತ್ವಕ್ಕೆ ಈ ಕಾಯ್ದೆಯಿಂದ ಬಾಧೆಯಿಲ್ಲವೆಂದು ಅದರ 27ನೆಯ ಕಲಮು ಸ್ಪಷ್ಟಪಡಿಸಿದೆ.

ರಾಯಭಾರ ಕಚೇರಿಯಲ್ಲಿ ವಿವಾಹದ ಕ್ರಮ

ಕಾಯ್ದೆಯ 4ನೆಯ ಕಲಮಿನಂತೆ ವರನಿಗೆ 21 ಹಾಗೂ ವಧುವಿಗೆ 18 ವರ್ಷ ತುಂಬಿರಬೇಕು. ಇಬ್ಬರಿಗೂ ಜೀವಂತ ಪತಿ ಅಥವಾ ಪತ್ನಿ ಇರಕೂಡದು. ಇಬ್ಬರೂ ಮಾನಸಿಕವಾಗಿ ಸಮ್ಮತಿ ನೀಡಲು ಸಮರ್ಥರಾಗಿರಬೇಕು. ನಿಷಿದ್ಧ ಸಂಬಂಧದ ವ್ಯಾಪ್ತಿಯಲ್ಲಿ ಇರಬಾರದು.

ವಿವಾಹದ ನೋಟಿಸನ್ನು ನಿಗದಿತ ನಮೂನೆಯಲ್ಲಿ ಸಲ್ಲಿಸಬೇಕು. ಇಬ್ಬರಲ್ಲಿ ಒಬ್ಬರು ನೋಟಿಸಿಗೆ ಹಿಂದಿನ ಕನಿಷ್ಠ 30 ದಿನ ಆ ವಿವಾಹಾಧಿಕಾರಿಯ ವ್ಯಾಪ್ತಿಯಲ್ಲಿ ವಾಸವಾಗಿರಬೇಕು. ನೋಟಿಸನ್ನು ಕಚೇರಿಯಲ್ಲಿ ಪ್ರಕಟಿಸುವುದಲ್ಲದೆ ಭಾರತದಲ್ಲಿಯೂ, ಇಬ್ಬರೂ ಸಾಮಾನ್ಯವಾಗಿ ವಾಸಿಸುವ ದೇಶದಲ್ಲಿಯೂ ಪ್ರಕಟಿಸಲಾಗುತ್ತದೆ. ಪ್ರಕಟಣೆಯಾದ 30 ದಿನಗಳೊಳಗೆ ಯಾರು ಬೇಕಾದರೂ ಕಾನೂನುಬದ್ಧ ಆಕ್ಷೇಪಣೆ ಸಲ್ಲಿಸಬಹುದು. ಆಕ್ಷೇಪಣೆ ಬಾರದಿದ್ದಲ್ಲಿ ಮೂವರು ಸಾಕ್ಷಿಗಳ ಸಮ್ಮುಖದಲ್ಲಿ ವಿವಾಹ ನೆರವೇರುತ್ತದೆ. ನೋಟಿಸು ನೀಡಿದ ಆರು ತಿಂಗಳೊಳಗೆ ವಿವಾಹ ನಡೆಯದಿದ್ದರೆ ಹೊಸದಾಗಿ ನೋಟಿಸು ಕೊಡಬೇಕಾಗುತ್ತದೆ.

ವಾಸದ ಅವಧಿ ಮತ್ತು ಆಕ್ಷೇಪಣೆಯ ಅವಧಿ ಸೇರಿದರೆ ಸುಮಾರು ಎರಡು ತಿಂಗಳು. ವರ ಅಥವಾ ವಧು ಈಗಾಗಲೇ ಅಲ್ಲಿ ನೆಲೆಸಿದ್ದರೆ ಮೊದಲ ತಿಂಗಳು ಉಳಿಯುತ್ತದೆ. ಇಬ್ಬರೂ ಒಂದು ವಾರದ ಪ್ರವಾಸಕ್ಕೆಂದು ತೆರಳಿ ರಾಯಭಾರ ಕಚೇರಿಯಲ್ಲಿ ತಾಳಿ ಕಟ್ಟಿ ಬರುವ ಯೋಜನೆ ಕಾರ್ಯಸಾಧ್ಯವಲ್ಲ.

ವಿವಾಹಾನಂತರ ನೀಡುವ ಪ್ರಮಾಣಪತ್ರವು ವಿವಾಹ ನಡೆದಿದೆ ಎಂಬುದಕ್ಕೆ ನಿರ್ಣಾಯಕ ಸಾಕ್ಷ್ಯವಾಗಿರುತ್ತದೆ. ಹೀಗೆ ವಿವಾಹವಾದವರ ವಿಚ್ಛೇದನ ಮೊದಲಾದ ಪರಿಹಾರಗಳಿಗೆ 1954ರ ವಿಶೇಷ ವಿವಾಹ ಕಾಯ್ದೆಯ ನಿಯಮಗಳು ಅನ್ವಯಿಸುತ್ತವೆ. ಸಲಿಂಗ ವಿವಾಹಕ್ಕೆ ಈ ಮಾರ್ಗ ತೆರೆದಿಲ್ಲ. ಅಂತಹ ವಿವಾಹಕ್ಕೆ ಕಾನೂನು ಮಾನ್ಯತೆ ನೀಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ನಿರಾಕರಿಸಿದೆ.

ಸೋದರಮಾವ, ಅತ್ತೆಯ ಮಗ: ಎಚ್ಚರ ಅಗತ್ಯ

ನಮ್ಮ ಭಾಗದಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು, ಅತ್ತೆಯ ಮಗ ಅಥವಾ ಮಾವನ ಮಗಳನ್ನು ವರಿಸುವುದು ತಲೆಮಾರುಗಳಿಂದ ನಡೆದುಬಂದ ರೂಢಿ. ವಿಶೇಷ ವಿವಾಹ ಕಾಯ್ದೆಯ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಇವೆಲ್ಲವೂ ಸೇರಿವೆ. ವಿದೇಶಿ ವಿವಾಹ ಕಾಯ್ದೆಯೂ ಅದೇ ಪಟ್ಟಿಯನ್ನು ಅನುಸರಿಸುತ್ತದೆ. ಆದರೆ ಇಬ್ಬರಲ್ಲಿ ಒಬ್ಬರ ವೈಯಕ್ತಿಕ ಕಾನೂನು ಅಥವಾ ರೂಢಿ ಅನುಮತಿಸಿದರೆ ವಿನಾಯಿತಿ ಉಂಟು.

ತೊಡಕು ಬರುವುದು ಮುಂದಿನ ಹೆಜ್ಜೆಯಲ್ಲಿ. ವಿವಾಹ ನಡೆಯುವ ದೇಶದ ಕಾನೂನು ನಿಷೇಧಿಸಿರುವ ವಿವಾಹವನ್ನು ವಿವಾಹಾಧಿಕಾರಿ ನೆರವೇರಿಸುವಂತಿಲ್ಲವೆಂದು 11ನೆಯ ಕಲಮು ಹೇಳುತ್ತದೆ. ಬ್ರಿಟನ್ನಿನಲ್ಲಿ ಸೋದರಮಾವ ಮತ್ತು ಸೊಸೆಯ ವಿವಾಹಕ್ಕೆ ಅವಕಾಶವಿಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು: ಅತ್ತೆ-ಮಾವನ ಮಕ್ಕಳ ವಿವಾಹಕ್ಕೆ ಕ್ಯಾಲಿಫೋರ್ನಿಯ ಅನುಮತಿಸುತ್ತದೆ, ಟೆಕ್ಸಾಸ್ 2005ರಲ್ಲಿ ನಿಷೇಧಿಸಿದೆ. ಒಳಸಂಬಂಧದ ಮದುವೆ ನಿಶ್ಚಯಿಸುವ ಕುಟುಂಬಗಳು ವರ ವಾಸಿಸುವ ದೇಶ ಮಾತ್ರವಲ್ಲ, ರಾಜ್ಯವನ್ನೂ ವಿಚಾರಿಸಿಕೊಳ್ಳಬೇಕು.

ಊರಿನಲ್ಲಿಯೇ ಸಿದ್ಧಪಡಿಸಬೇಕಾದ ದಾಖಲೆಗಳು

ದೇಶದಿಂದ ದೇಶಕ್ಕೆ ಪಟ್ಟಿ ಬದಲಾಗುತ್ತದೆಯಾದರೂ ಈ ಕೆಳಗಿನವುಗಳನ್ನು ಬಹುತೇಕ ಎಲ್ಲೆಡೆ ಕೇಳಲಾಗುತ್ತದೆ.

ಜನನ ಪ್ರಮಾಣಪತ್ರ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ನಮ್ಮಲ್ಲಿ ಜನ್ಮದಿನಾಂಕಕ್ಕೆ ಆಧಾರವಾದರೂ ವಿದೇಶಿ ಕಚೇರಿಗಳು ಸಾಮಾನ್ಯವಾಗಿ ಜನನ ಪ್ರಮಾಣಪತ್ರವನ್ನೇ ಬಯಸುತ್ತವೆ. ಹಳ್ಳಿಯ ಮನೆಯಲ್ಲಿ ಹುಟ್ಟಿ ಜನನ ನೋಂದಣಿಯಾಗದವರು ಇನ್ನೂ ಇದ್ದಾರೆ. ಒಂದು ವರ್ಷ ಮೀರಿದ ಜನನವನ್ನು ನೋಂದಾಯಿಸಲು ಮೊದಲು ನ್ಯಾಯಾಲಯದ ಆದೇಶ ಬೇಕಿತ್ತು. 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯಂತೆ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶದ ಮೇಲೆ ನೋಂದಣಿಯಾಗುತ್ತದೆ. ಮಗುವಿನ ಹೆಸರನ್ನೇ ಬರೆಯದೆ ಬಿಟ್ಟಿರುವ ಹಳೆಯ ಪ್ರಮಾಣಪತ್ರವಿದ್ದರೆ ಹೆಸರು ಸೇರ್ಪಡೆ ಮಾಡಿಸಿಕೊಳ್ಳತಕ್ಕದ್ದು.

ಅವಿವಾಹಿತ ಸ್ಥಿತಿಯ ದೃಢೀಕರಣ: ಇದುವರೆಗೆ ವಿವಾಹವಾಗಿಲ್ಲ, ವಿವಾಹಕ್ಕೆ ಕಾನೂನಿನ ಅಡ್ಡಿಯಿಲ್ಲ ಎಂದು ಇ-ಸ್ಟಾಂಪ್ ಕಾಗದದ ಮೇಲೆ ನೋಟರಿಯ ಮುಂದೆ ಮಾಡಿದ ಅಫಿಡವಿಟ್ ಇದಕ್ಕೆ ಮೂಲ. ತಂದೆ ಅಥವಾ ತಾಯಿಯ ಅಫಿಡವಿಟ್ ಜೊತೆಗಿದ್ದರೆ ಉತ್ತಮ. ಈಗಾಗಲೇ ವಿದೇಶದಲ್ಲಿ ವಾಸಿಸುವವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ವಿಚಾರಿಸಬೇಕು. ಇಂತಹ ಪತ್ರಗಳ ಮಾನ್ಯತೆಗೆ ಹಲವು ದೇಶಗಳು ಕೆಲವೇ ತಿಂಗಳ ಮಿತಿ ಹಾಕಿರುವುದರಿಂದ ಬಹಳ ಮುಂಚಿತವಾಗಿ ಮಾಡಿಸಿಡುವುದೂ ವ್ಯರ್ಥ.

ಮರುವಿವಾಹವಾಗುವವರು: ವಿಧುರರು ಹಾಗೂ ವಿಧವೆಯರು ಹಿಂದಿನ ಸಂಗಾತಿಯ ಮರಣ ಪ್ರಮಾಣಪತ್ರವನ್ನು, ವಿಚ್ಛೇದಿತರು ನ್ಯಾಯಾಲಯದ ಡಿಕ್ರಿಯ ದೃಢೀಕೃತ ನಕಲನ್ನು ಒದಗಿಸಬೇಕು. ಮೇಲ್ಮನವಿಯ ಅವಧಿ ಮುಗಿದಿರಬೇಕು. ಊರಿನ ಹಿರಿಯರ ಪಂಚಾಯಿತಿಯಲ್ಲಿ ಬರೆಸಿದ ಬಿಡುಗಡೆ ಪತ್ರವನ್ನು ನಂಬಿ ಹೊರಡುವುದು ಅಪಾಯಕರ. ಹಿಂದೂ ವಿವಾಹ ಕಾಯ್ದೆಯು ರೂಢಿಗತ ವಿಚ್ಛೇದನವನ್ನು ಉಳಿಸಿಕೊಂಡಿರುವುದು ನಿಜ. ಆದರೆ ಆ ರೂಢಿಯನ್ನು ಸಾಕ್ಷ್ಯ ಸಹಿತ ರುಜುವಾತುಪಡಿಸಬೇಕಾಗುತ್ತದೆ. ವಿದೇಶಿ ಅಧಿಕಾರಿ ಕೇಳುವುದು ನ್ಯಾಯಾಲಯದ ಆದೇಶವನ್ನು. ಇದಕ್ಕೆ ವಿರುದ್ಧವಾಗಿ, ವಿದೇಶದಲ್ಲಿ ಪಡೆದ ವಿಚ್ಛೇದನವೆಲ್ಲ ಇಲ್ಲಿ ಊರ್ಜಿತವಾಗುವುದಿಲ್ಲ. ವೈ. ನರಸಿಂಹರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಅಮೆರಿಕದ ಮಿಸೌರಿಯ ವಿಚ್ಛೇದನ ಡಿಕ್ರಿಯನ್ನು ಮಾನ್ಯ ಮಾಡಲಿಲ್ಲ.

ಹೆಸರಿನ ಹೊಂದಾಣಿಕೆ: ನಮ್ಮಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲ ಅಕ್ಷರಗಳೇ ಇನಿಷಿಯಲ್. ಕುಲನಾಮ ಬಳಸುವವರು ಕಡಿಮೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದು, ಜನನ ಪ್ರಮಾಣಪತ್ರದಲ್ಲಿ ಬರಿಯ ಹೆಸರಿದ್ದು, ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರವಿದ್ದರೆ ವಿದೇಶಿ ಗುಮಾಸ್ತನಿಗೆ ಅವು ಮೂರು ವ್ಯಕ್ತಿಗಳ ದಾಖಲೆಗಳಾಗಿ ತೋರುತ್ತವೆ. ಸಾಧ್ಯವಿರುವ ದಾಖಲೆಯನ್ನು ತಿದ್ದಿಸಿ, ಉಳಿದುದಕ್ಕೆ ಇಬ್ಬರೂ ಒಬ್ಬನೇ ಎಂಬ ಅಫಿಡವಿಟ್ ಮಾಡಿಸಬೇಕು. ಕನ್ನಡದಲ್ಲಿ ಮಾತ್ರ ಇರುವ ದಾಖಲೆಗಳಿಗೆ ದೃಢೀಕೃತ ಅನುವಾದ ಅವಶ್ಯ.

ಅಪೊಸ್ಟಿಲ್ ಎಂದರೇನು?

ಒಂದು ದೇಶದ ದಾಖಲೆಯ ಸಹಿ ಮತ್ತು ಮೊಹರು ಅಸಲಿ ಎಂದು ಮತ್ತೊಂದು ದೇಶಕ್ಕೆ ತಿಳಿಸುವ ಪ್ರಮಾಣೀಕರಣವೇ ಅಪೊಸ್ಟಿಲ್. 1961ರ ಹೇಗ್ ಒಡಂಬಡಿಕೆಯಿಂದ ಬಂದ ಈ ಪದ್ಧತಿ ಭಾರತದಲ್ಲಿ 2005ರ ಜುಲೈ 14ರಿಂದ ಜಾರಿಯಲ್ಲಿದೆ. ಒಳಗಿನ ವಿಷಯ ಸತ್ಯವೆಂದು ಇದು ಹೇಳುವುದಿಲ್ಲ; ಸಹಿ ಮಾಡಿದ ಅಧಿಕಾರಿ ನಿಜವಾದ ಅಧಿಕಾರಿ ಎಂದಷ್ಟೇ ಹೇಳುತ್ತದೆ.

ಜನನ ಪ್ರಮಾಣಪತ್ರ, ಅಫಿಡವಿಟ್ ಮುಂತಾದ ವೈಯಕ್ತಿಕ ದಾಖಲೆಗಳಿಗೆ ಮೊದಲು ರಾಜ್ಯ ಸರ್ಕಾರದ ಗೃಹ ಇಲಾಖೆಯ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಎಂಬುದು ಸಾಮಾನ್ಯ ಕ್ರಮ. ಅಂಕಪಟ್ಟಿ, ಪದವಿ ಪತ್ರಗಳಿಗೆ ಶಿಕ್ಷಣ ಇಲಾಖೆಯ ದೃಢೀಕರಣ ಬೇಕು. ಸಚಿವಾಲಯದ ಈ ಸೇವೆ ಹಿಂದೆ ದೆಹಲಿಗೆ ಸೀಮಿತವಾಗಿತ್ತು. 2019ರಿಂದ ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿ ಲಭ್ಯವಿದೆ. ಅರ್ಜಿಗಳನ್ನು ಸಚಿವಾಲಯ ನೇಮಿಸಿದ ಅಧಿಕೃತ ಸಂಸ್ಥೆಗಳ ಮೂಲಕವೇ ಸಲ್ಲಿಸಬೇಕು. ಅಪೊಸ್ಟಿಲ್‌ನ ಸರ್ಕಾರಿ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿ. ಇದರ ಮೇಲೆ ಸಂಸ್ಥೆಯ ಸೇವಾ ಶುಲ್ಕವಿರುತ್ತದೆ. ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳಿಗೆ ಮೂಲ ದಾಖಲೆಗಳನ್ನು ಒಪ್ಪಿಸುವ ಮುನ್ನ ಸಚಿವಾಲಯದ ಪಟ್ಟಿಯನ್ನು ನೋಡುವುದು ಕ್ಷೇಮ.

ಸೌದಿ ಅರೇಬಿಯ 2022ರ ಡಿಸೆಂಬರ್‌ನಲ್ಲಿ, ಕೆನಡಾ 2024ರ ಜನವರಿಯಲ್ಲಿ ಈ ಪದ್ಧತಿಗೆ ಸೇರಿದವು. ಸಂಯುಕ್ತ ಅರಬ್ ಸಂಸ್ಥಾನವು ಸೇರಿಲ್ಲ. ಅಲ್ಲಿಗೆ ಹೋಗುವ ದಾಖಲೆಗಳಿಗೆ ರಾಜ್ಯ ಮತ್ತು ವಿದೇಶಾಂಗ ಸಚಿವಾಲಯದ ದೃಢೀಕರಣದ ನಂತರ ಆ ದೇಶದ ರಾಯಭಾರ ಕಚೇರಿಯ ಮೊಹರೂ ಬೇಕಾಗುತ್ತದೆ.

ಕೆಲವು ದೇಶಗಳ ನಿಯಮಗಳು

ಬ್ರಿಟನ್: ವಿವಾಹಕ್ಕೆಂದು ಹೋಗಿ ಮರಳುವವರಿಗೆ ಆರು ತಿಂಗಳ ವಿವಾಹ ಸಂದರ್ಶಕ ವೀಸಾ ಇದೆ. ಸಾಧಾರಣ ಪ್ರವಾಸಿ ವೀಸಾದಲ್ಲಿ ವಿವಾಹವಾಗುವಂತಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೋಂದಣಿ ಕಚೇರಿಗೆ ನೋಟಿಸು ನೀಡಿ ಕನಿಷ್ಠ 28 ದಿನ ಕಾಯಬೇಕು. ಪರಿಶೀಲನೆಗೆ ಒಳಪಟ್ಟರೆ ಅದು 70 ದಿನಗಳಿಗೆ ವಿಸ್ತರಿಸುತ್ತದೆ. ಅಲ್ಲಿಯೇ ನೆಲೆಸುವ ಉದ್ದೇಶವಿದ್ದರೆ ಭಾವೀ ಸಂಗಾತಿಯ ಕುಟುಂಬ ವೀಸಾ ಪಡೆಯಬೇಕು.

ಅಮೆರಿಕ: ವರ ಅಥವಾ ವಧು ಅಮೆರಿಕದ ಪ್ರಜೆಯಾಗಿದ್ದರೆ ಮಾತ್ರ ಭಾವೀ ಸಂಗಾತಿಗಾಗಿ ಕೆ-1 ವೀಸಾ ಕೋರಬಹುದು. ಅಮೆರಿಕಕ್ಕೆ ಕಾಲಿಟ್ಟ 90 ದಿನಗಳೊಳಗೆ ವಿವಾಹವಾಗಬೇಕು. ಹಸಿರು ಕಾರ್ಡ್ ಅಥವಾ ಎಚ್-1ಬಿ ಹೊಂದಿದವರಿಗೆ ಈ ಸೌಲಭ್ಯವಿಲ್ಲ. ಎಚ್-1ಬಿ ಉದ್ಯೋಗಿಯ ಪತ್ನಿಗೆ ಎಚ್-4 ವೀಸಾ ದೊರೆಯುವುದು ವಿವಾಹದ ನಂತರವೇ. ಆದುದರಿಂದ ಇಂತಹ ಜೋಡಿಗಳಿಗೆ ಊರಿನಲ್ಲಿ ವಿವಾಹವಾಗಿ ಹೊಸಕೋಟೆಯ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿಕೊಳ್ಳುವುದೇ ಸುಲಭದ ದಾರಿ. 2024ರ ಫೆಬ್ರುವರಿಯಿಂದ ಹಿಂದೂ ವಿವಾಹ ನೋಂದಣಿಗೆ ಕಾವೇರಿ 2.0 ತಂತ್ರಾಂಶದ ಮೂಲಕ ಅರ್ಜಿ ಸಲ್ಲಿಸುವ ವ್ಯವಸ್ಥೆಯೂ ಇದೆ.

ಸಂಯುಕ್ತ ಅರಬ್ ಸಂಸ್ಥಾನ: ಮುಸ್ಲಿಮೇತರರ ನಾಗರಿಕ ವಿವಾಹಕ್ಕೆ ಅಬುಧಾಬಿ 2021ರಲ್ಲಿ ಕಾನೂನು ಮಾಡಿತು. 2023ರ ಫೆಬ್ರುವರಿ 1ರಿಂದ ಇಡೀ ಒಕ್ಕೂಟಕ್ಕೆ ಅನ್ವಯಿಸುವ ಕಾನೂನು ಜಾರಿಯಾಗಿದೆ.

ವಿವಾಹದ ನಂತರ

ಸ್ಥಳೀಯ ಕಾನೂನಿನಂತೆ ವಿವಾಹವಾದವರು ಭಾರತೀಯ ದೂತಾವಾಸದಲ್ಲಿ ವಿದೇಶಿ ವಿವಾಹ ಕಾಯ್ದೆಯ 17ನೆಯ ಕಲಮಿನಂತೆ ಅದನ್ನು ನೋಂದಾಯಿಸಬಹುದು. ಇಲ್ಲವೇ ಅಲ್ಲಿನ ವಿವಾಹ ಪ್ರಮಾಣಪತ್ರಕ್ಕೆ ಆ ದೇಶದಲ್ಲಿಯೇ ಅಪೊಸ್ಟಿಲ್ ಮಾಡಿಸಿ ತರಬೇಕು. ಊರಿಗೆ ಮರಳಿದ ಮೇಲೆ ಅಮೆರಿಕದ ಪತ್ರಕ್ಕೆ ಬೆಂಗಳೂರಿನಲ್ಲಿ ಅಪೊಸ್ಟಿಲ್ ದೊರೆಯುವುದಿಲ್ಲ ಎಂಬುದು ಗಮನಾರ್ಹ.

ವಿದೇಶದಲ್ಲಿ ನೋಂದಣಿಯಾದ ಬಳಿಕ ಬಂಧುಗಳಿಗಾಗಿ ಊರಿನಲ್ಲಿ ಮತ್ತೆ ಧಾರೆ ಎರೆಯುವುದುಂಟು. ಅದಕ್ಕೆ ಅಡ್ಡಿಯಿಲ್ಲ. ಆದರೆ ಅದನ್ನೂ ಬೇರೆ ದಿನಾಂಕದಲ್ಲಿ ನೋಂದಾಯಿಸಿ ಎರಡು ಪ್ರಮಾಣಪತ್ರ ಮಾಡಿಕೊಂಡರೆ ಯಾವುದು ನಿಜವೆಂಬ ಪ್ರಶ್ನೆ ವೀಸಾ ಸಂದರ್ಶನದಲ್ಲಿ ಎದುರಾಗುತ್ತದೆ. ಎಲ್ಲ ಅರ್ಜಿಗಳಲ್ಲೂ ಮೊದಲ ಕಾನೂನುಬದ್ಧ ವಿವಾಹದ ದಿನಾಂಕವನ್ನೇ ನಮೂದಿಸಬೇಕು.

ಹೆಣ್ಣು ಹೆತ್ತವರು ನೋಡಬೇಕಾದುದು

ವರನಿಗೆ ವಿದೇಶದಲ್ಲಿ ಮತ್ತೊಂದು ಸಂಸಾರವಿರುವುದು ಮದುವೆಯ ನಂತರ ತಿಳಿದುಬರುವ ಪ್ರಕರಣಗಳು ದೇಶದ ನಾನಾ ಕಡೆ ವರದಿಯಾಗಿವೆ. ದ್ವಿಪತ್ನಿತ್ವವು ಭಾರತೀಯ ನ್ಯಾಯ ಸಂಹಿತೆಯ 82ನೆಯ ಕಲಮಿನಡಿ ಅಪರಾಧ. ಆದರೆ ಆರೋಪಿ ಪರದೇಶದಲ್ಲಿದ್ದಾಗ ಶಿಕ್ಷೆಗಿಂತ ಮುಂಜಾಗ್ರತೆಯೇ ಹೆಚ್ಚು ಫಲಕಾರಿ. ವರನ ಪಾಸ್‌ಪೋರ್ಟ್, ವೀಸಾ, ಉದ್ಯೋಗ ಪತ್ರ, ವಿದೇಶದ ವಿಳಾಸ ಮತ್ತು ಅವಿವಾಹಿತ ಸ್ಥಿತಿಯ ದೃಢೀಕರಣದ ನಕಲುಗಳನ್ನು ನಿಶ್ಚಿತಾರ್ಥಕ್ಕೆ ಮುನ್ನ ಕೇಳುವುದು ಅಪನಂಬಿಕೆಯಲ್ಲ. ವಿವಾಹ ಪ್ರಮಾಣಪತ್ರದ ಒಂದು ಪ್ರತಿ ತವರಿನಲ್ಲಿಯೂ ಇರಬೇಕು.

ಅನಿವಾಸಿ ಭಾರತೀಯರ ವಿವಾಹವನ್ನು 30 ದಿನಗಳಲ್ಲಿ ನೋಂದಾಯಿಸಬೇಕೆಂಬ ಮಸೂದೆ 2019ರ ಫೆಬ್ರುವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಗಿತ್ತು. ಕಡ್ಡಾಯ ನೋಂದಣಿಗೆ ಕಾನೂನು ಆಯೋಗವೂ 2024ರ ತನ್ನ 287ನೆಯ ವರದಿಯಲ್ಲಿ ಶಿಫಾರಸು ಮಾಡಿದೆ. ತೊಂದರೆಗೆ ಸಿಲುಕಿದ ಮಹಿಳೆಯರು ರಾಷ್ಟ್ರೀಯ ಮಹಿಳಾ ಆಯೋಗದ ಅನಿವಾಸಿ ಭಾರತೀಯ ಘಟಕಕ್ಕೆ ಅಥವಾ ಆಯಾ ದೇಶದ ಭಾರತೀಯ ದೂತಾವಾಸಕ್ಕೆ ದೂರು ನೀಡಬಹುದು.

ನಿಯಮ ಹಾಗೂ ಶುಲ್ಕಗಳು ಆಗಾಗ ಬದಲಾಗುವುದರಿಂದ ಅರ್ಜಿ ಸಲ್ಲಿಸುವ ಮುನ್ನ ಸಂಬಂಧಿಸಿದ ದೂತಾವಾಸದ ಪಟ್ಟಿಯನ್ನು ಪರಿಶೀಲಿಸತಕ್ಕದ್ದು. ಜನನ ಪ್ರಮಾಣಪತ್ರ ಮತ್ತು ಹೆಸರಿನ ತಿದ್ದುಪಡಿ ಹೆಚ್ಚು ಕಾಲ ಹಿಡಿಯುವ ಕೆಲಸಗಳಾದುದರಿಂದ ಅವನ್ನು ಲಗ್ನಪತ್ರಿಕೆಗೆ ಕಾಯದೆ, ಮಾತುಕತೆ ನಡೆದಿರುವಾಗಲೇ ಆರಂಭಿಸುವುದು ಸೂಕ್ತ.